ಮಂಡ್ಯದ ಗದ್ದೆಯಲ್ಲಿ ಹಿಮಕುಸಿತದ ಪಾಠ

ಏಪ್ರಿಲ್ ಕೊನೆಯ ವಾರ ಹಿಮಾಚಲಕ್ಕೆ ಚಾರಣ ಹೊರಟಿರುವ ನನ್ನ ತಂಗಿಯ ಮಗಳೊಂದಿಗೆ ನಾನೂ ಹೋಗುವವನಿದ್ದೇನೆ. ಅದಕ್ಕಾಗಿ ನಾವಿಬ್ಬರೂ ಮೈಸೂರಿನ ಚಾರಣ ಸಂಸ್ಥೆಯೊಂದು ನಡೆಸುವ ಎರಡು ದಿನಗಳ ಹಿಮಕುಸಿತ ಸುರಕ್ಷತಾ ತರಬೇತಿಗೆ ಸೇರಿದ್ದೆವು. ಹಿಮವನ್ನೇ ಕಾಣದ ಊರಿನಲ್ಲಿ ಇದನ್ನು ಕಲಿಸುವುದು ಹೇಗೆ ಎಂಬ ಅನುಮಾನ ನನಗಿತ್ತು. ಮೊದಲ ದಿನದ ಪಾಠವೇ ಅದನ್ನು ಬಹುಮಟ್ಟಿಗೆ ಕಳೆಯಿತು.

ತರಬೇತುದಾರರು ಉಪಕರಣಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು ಮೊದಲು ಹೊತ್ತಿನ ಲೆಕ್ಕ ಹೇಳಿದರು. ವಸಂತದಲ್ಲಿ ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮದ ಮೇಲ್ಪದರ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಬಿಸಿಲೇರಿದಂತೆ ಕರಗಿದ ನೀರು ಒಳಗಿಳಿದು ಹಿಮದ ಕಣಗಳ ನಡುವಿನ ಬಿಗಿಯನ್ನು ಸಡಿಲಿಸುತ್ತದೆ, ಆಗ 30ರಿಂದ 45 ಡಿಗ್ರಿಯ ಇಳಿಜಾರುಗಳು ಅತ್ಯಂತ ಅಪಾಯಕಾರಿಯಾಗುತ್ತವೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಸಡಿಲವಾಗುತ್ತದೆ, ಅನಂತರ ದಕ್ಷಿಣದ್ದು, ಮಧ್ಯಾಹ್ನದ ಮೇಲೆ ಪಶ್ಚಿಮದ್ದು. ಮೋಡ ಕವಿದ ಬೆಚ್ಚನೆಯ ರಾತ್ರಿ ಕಳೆದಿದ್ದರೆ ಹಿಮ ಹೆಪ್ಪುಗಟ್ಟಿಯೇ ಇರುವುದಿಲ್ಲವಾದ್ದರಿಂದ ಮುಂಜಾನೆಯನ್ನೂ ನಂಬುವಂತಿಲ್ಲ. ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ, ಬೂಟು ಹಸಿ ಹಿಮದಲ್ಲಿ ಪಾದದ ಗಂಟು ಮೀರಿ ಹೂತರೆ, ಆ ಇಳಿಜಾರಿನಿಂದ ಕೂಡಲೇ ಆಚೆ ಸರಿಯಬೇಕು. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಏಳು ಪ್ರವಾಸಿಗರನ್ನು ಬಲಿ ಪಡೆದ ಹಿಮಕುಸಿತವೂ ನಡುಹಗಲಿನದೇ ಎಂದು ಅವರು ನೆನಪಿಸಿದಾಗ ಕೊಠಡಿ ನಿಶ್ಶಬ್ದವಾಯಿತು.

ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಊರುಗೋಲನ್ನು ನೆಲಕ್ಕೆ ಒರಗಿಸಿ, ಅದರ ಮೇಲೆ ಮೊಬೈಲ್ ಇಟ್ಟು ಇಳಿಜಾರು ಅಳೆಯುವುದನ್ನು ಕಲಿಸಿದರು. ನಾನು ಕಣ್ಣಂದಾಜಿನಲ್ಲಿ 50 ಡಿಗ್ರಿ ಎಂದದ್ದು ಅಳತೆಯಲ್ಲಿ 32 ಬಂತು. ಇಷ್ಟು ದೊಡ್ಡ ತಪ್ಪೆಣಿಕೆ ಇಲ್ಲೇ ಬಯಲಾದದ್ದು ಒಳ್ಳೆಯದಾಯಿತು.

ಎರಡನೆಯ ದಿನ ಮಂಡ್ಯದ ಬಳಿ, ಕೊಯ್ಲಾದ ಗದ್ದೆಯಲ್ಲಿ ಭತ್ತದ ಹುಲ್ಲನ್ನು ಎದೆಯೆತ್ತರಕ್ಕೆ ಹರಡಿ, ಅದರೊಳಗೆ ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಪತ್ತೆ ಹಚ್ಚಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ) ಇರಿಸಿದ ಚೀಲವೊಂದನ್ನು ಹೂತಿದ್ದರು. 457 ಕಿಲೋಹರ್ಟ್ಸ್‌ನ ಸಂಕೇತವನ್ನು ಹಿಡಿದು ಹೋಗುವಾಗ ಪರದೆಯಲ್ಲಿ ದೂರ ತೋರಿಸುವ ಅಂಕಿ ಇಳಿಯುತ್ತ ಬರಬೇಕು. ಹುಡುಕುವಾಗ ಮೊಬೈಲ್ ಅರ್ಧ ಮೀಟರ್‌ನಷ್ಟಾದರೂ ದೂರವಿರಬೇಕು. ಹುಡುಗಿಗೆ ಮೊದಲ ಸಲ ಹನ್ನೊಂದು ನಿಮಿಷ ಹಿಡಿಯಿತು, ಮೂರನೆಯ ಸಲ ನಾಲ್ಕು. ಹೂತವರನ್ನು ಚುಚ್ಚಿ ತಡಕುವ ಪ್ರೋಬ್ ಕೋಲು ಗದ್ದೆಯ ನೆಲಕ್ಕೆ ತಾಗಿದಾಗ ಠಣ್ಣೆನ್ನುತ್ತದೆ, ಚೀಲಕ್ಕೆ ತಾಗಿದಾಗ ಮೆತ್ತಗೆ ತಡೆಯುತ್ತದೆ. ಆ ವ್ಯತ್ಯಾಸ ಇನ್ನೂ ನನ್ನ ಅಂಗೈಯಲ್ಲಿದೆ. ಹೂತವರನ್ನು ಹದಿನೈದು ನಿಮಿಷದೊಳಗೆ ಹೊರತೆಗೆಯದಿದ್ದರೆ ಬದುಕುವ ಸಾಧ್ಯತೆ ತೀವ್ರವಾಗಿ ಕುಸಿಯುತ್ತದೆ. ಕೂಡಿದ್ದವರೊಬ್ಬರು 2016ರಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಹೂತು ಆರು ದಿನಗಳ ನಂತರ ಜೀವಂತ ಸಿಕ್ಕ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಪ್ರಸ್ತಾಪಿಸಿದರು. ಅದು ಅಪರೂಪದಲ್ಲಿ ಅಪರೂಪ, ಅವರೂ ಕೊನೆಗೆ ಉಳಿಯಲಿಲ್ಲ, ಅದನ್ನು ನೆಚ್ಚಿ ಯಾರೂ ಹಿಮಕ್ಕೆ ಕಾಲಿಡಬಾರದು ಎಂದು ತರಬೇತುದಾರರು ಖಚಿತವಾಗಿ ಹೇಳಿದ್ದು ನನಗೆ ಮೆಚ್ಚುಗೆಯಾಯಿತು.

ಕೊರತೆಗಳನ್ನೂ ಹೇಳಲೇಬೇಕು. ಹದಿನಾಲ್ಕು ಜನರಿಗೆ ಮೂರೇ ಟ್ರಾನ್ಸೀವರ್‌ಗಳಿದ್ದವು. ನಮಗೆ ಬಾಡಿಗೆಗೆ ಕೊಟ್ಟ ಒಂದರ ಬ್ಯಾಟರಿ ಕೂರುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿತ್ತು. ತೋರಿಸಿದಾಗ ಬಟ್ಟೆಯಲ್ಲಿ ಒರೆಸಿ ಮತ್ತೆ ಕೈಗಿಟ್ಟರು. ಜೀವ ಉಳಿಸಬೇಕಾದ ಸಾಧನದ ವಿಷಯದಲ್ಲಿ ಈ ಧೋರಣೆಯನ್ನು ನಾನು ಒಪ್ಪಲಾರೆ. ಬೇರೆಯದನ್ನು ಕೊಡುವವರೆಗೆ ಅಲ್ಲಿಂದ ಕದಲಲಿಲ್ಲ. ಚಂಡೀಗಢದ ರಕ್ಷಣಾ ಸಂಶೋಧನಾಲಯ ಹೊರಡಿಸುವ ಹಿಮಕುಸಿತ ಮುನ್ಸೂಚನೆಯನ್ನು ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಹತ್ತೇ ನಿಮಿಷ ಸಿಕ್ಕಿದ್ದೂ, ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲೇ ಇದ್ದದ್ದೂ ಸರಿಯಲ್ಲ.

ಇಷ್ಟಾದರೂ, ವಸಂತದಲ್ಲಿ ಹಿಮಾಲಯಕ್ಕೆ ಹೊರಡುವ ಮೈಸೂರು, ಮಂಡ್ಯದವರು ಈ ತರಬೇತಿಗೆ ಹೋಗಲಿ ಎಂದೇ ನನ್ನ ಸಲಹೆ; ಬಾಡಿಗೆಯ ಸಾಧನಗಳನ್ನು ಮಾತ್ರ ಬಿಚ್ಚಿ ನೋಡಿಯೇ ತೆಗೆದುಕೊಳ್ಳಿ. ನಮ್ಮ ಚಾರಣದ ಪಟ್ಟಿಯಲ್ಲಿ ಪಾಸ್ (ಪರ್ವತಗಳ ನಡುವಿನ ಎತ್ತರದ ದಾರಿ) ದಾಟುವ ದಿನ ಬೆಳಿಗ್ಗೆ ಎಂಟಕ್ಕೆ ಹೊರಡುವುದೆಂದಿತ್ತು. ಮನೆಗೆ ಬಂದ ರಾತ್ರಿಯೇ ಚಾರಣದ ಆಯೋಜಕರಿಗೆ ಫೋನ್ ಮಾಡಿ, ಅದನ್ನು ಬೆಳಗಿನ ಜಾವ ಮೂರೂವರೆಗೆ ಬದಲಾಯಿಸಿಕೊಂಡೆವು.