ಮೆಹಂದಿ ಹಚ್ಚಿದ ಕೂದಲಿಗೆ ಬ್ಲೀಚ್ ಹಾಕಿಸಬೇಡಿ: ಕಾರ್ನಿವಲ್ ವೇಷಕ್ಕೆಂದು ಹೋಗಿ ನನಗಾದದ್ದು

ಮೊದಲು ವಿಷಯ ಹೇಳಿಬಿಡುತ್ತೇನೆ, ಆಮೇಲೆ ನನ್ನ ಕಥೆ. ಕಳೆದ ನಾಲ್ಕೈದು ವರ್ಷಗಳಲ್ಲಿ ಒಮ್ಮೆಯಾದರೂ ತಲೆಗೆ ಪ್ಯಾಕೆಟ್ ಮೆಹಂದಿ, ಅದರಲ್ಲೂ ಕಪ್ಪು ಮೆಹಂದಿ ಹಚ್ಚಿಕೊಂಡಿದ್ದೀರಾ? ಹಾಗಿದ್ದರೆ ವೇಷಕ್ಕೆ ನೀಲಿ, ಗುಲಾಬಿ, ಹಸಿರು ಕೂದಲು ಬೇಕೆಂದು ಬ್ಲೀಚ್ ಮಾಡಿಸಲು ಹೋಗಬೇಡಿ. ಉದ್ದ ಕೂದಲಿದ್ದವರಂತೂ ದಯವಿಟ್ಟು ಪೂರ್ತಿ ಓದಿ.

ನಾವು ಧಾರವಾಡದ ಕಡೆಯವರು. ಗೋವಾದ ವಾಸ್ಕೋದಲ್ಲಿ ಮನೆ ಮಾಡಿ ಆರು ವರ್ಷವಾಯಿತು. ನಮ್ಮ ಬಿಲ್ಡಿಂಗಿನಲ್ಲಿ ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ ಕಡೆಯ ಮನೆಗಳೇ ಹೆಚ್ಚು. ಈ ಸಲ ಕಾರ್ನಿವಲ್ ಮೆರವಣಿಗೆಯಲ್ಲಿ ಒಂದು ತಂಡದ ಜೊತೆ ಕುಣಿಯಲು ನಮ್ಮಲ್ಲಿ ಐದು ಜನಕ್ಕೆ ಅವಕಾಶ ಸಿಕ್ಕಿತ್ತು. ಕ್ರೈಸ್ತರ ಲೆಂಟ್ ಉಪವಾಸ ಶುರುವಾಗುವ ಮುನ್ನ ಗೋವಾದಲ್ಲಿ ನಾಲ್ಕು ದಿನ ನಡೆಯುವ ಹಬ್ಬ ಅದು. ಶನಿವಾರ ಪಣಜಿ, ರವಿವಾರ ಮಡಗಾಂವ, ಸೋಮವಾರ ನಮ್ಮ ವಾಸ್ಕೋ. ವರ್ಷವರ್ಷವೂ ರಸ್ತೆ ಪಕ್ಕ ನಿಂತು, ಹಬ್ಬದ ರಾಜನಾಗಿ ಬರುವ ಕಿಂಗ್ ಮೋಮೋನ ರಥ ನೋಡಿದವಳು ನಾನು. ಈ ಸಲ ರಸ್ತೆಯ ನಡುವೆ ನಾನೇ ಇರುತ್ತೇನೆಂಬ ಖುಷಿಗೆ ಎರಡು ವಾರ ನಿದ್ದೆ ಸರಿಯಾಗಿ ಬಂದಿರಲಿಲ್ಲ.

ನಮ್ಮದು ಸಮುದ್ರದ ವೇಷ. ಬಿಳಿ ಅಂಗಿ, ಬೆಳ್ಳಿ ಮಿಣುಕು, ನೀಲಿ ಕೂದಲು. ವಿಗ್ ಹಾಕಿದರೆ ಬೆವರಿಗೆ ಜಾರುತ್ತದೆ, ಇದ್ದ ಕೂದಲಿಗೇ ಬಣ್ಣ ಹಾಕಿಸೋಣ ಎಂದು ತಂಡದಲ್ಲಿ ಮಾತು ಬಂತು. ನನ್ನ ಜಡೆ ಹೆಚ್ಚು ಕಡಿಮೆ ಸೊಂಟದವರೆಗಿತ್ತು. ಅಷ್ಟೂ ನೀಲಿಯಾದರೆ ಎಷ್ಟು ಚೆಂದ ಅನಿಸಿತು. ಗುರುವಾರ ಮಧ್ಯಾಹ್ನಕ್ಕೆ ಒಂದು ಪಾರ್ಲರಿನಲ್ಲಿ ವೇಳೆ ಗೊತ್ತು ಮಾಡಿಕೊಂಡೆ. ಬ್ಲೀಚ್, ಬಣ್ಣ ಎಲ್ಲ ಸೇರಿ 4,500 ರೂಪಾಯಿ.

ಅಲ್ಲಿದ್ದ ಹುಡುಗಿ ಕೂದಲಿನ ಉದ್ದ ನೋಡಿ ದರ ಹೇಳಿದಳು, ಮೊದಲು ಏನು ಹಚ್ಚಿದ್ದೀರಿ ಎಂದು ಕೇಳಲಿಲ್ಲ. ನನಗೂ ಹೇಳಬೇಕೆಂದು ಹೊಳೆಯಲಿಲ್ಲ. ಅಕ್ಕನ ಮದುವೆಗೆ ಅವ್ವ ಕಪ್ಪು ಮೆಹಂದಿ ಹಚ್ಚಿದ್ದು ಮೂರು ವರ್ಷದ ಹಿಂದೆ, ಆಮೇಲೂ ಊರಿಗೆ ಹೋದಾಗಲೆಲ್ಲ ಹಚ್ಚುತ್ತಿದ್ದಳು. ಅದು ಯಾವಾಗಲೋ ತೊಳೆದುಹೋಗಿದೆ ಅಂದುಕೊಂಡಿದ್ದೆ. ನನ್ನ ತಪ್ಪು ತಿಳುವಳಿಕೆ ಇದ್ದದ್ದೇ ಇಲ್ಲಿ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. 60 ಸೆಂಟಿಮೀಟರ್ ಜಡೆಯ ತುದಿ ಎಂದರೆ ಐದು ವರ್ಷದ ಹಿಂದೆ ಹುಟ್ಟಿದ ಕೂದಲು. ಅದಕ್ಕೆ ಅಂಟಿದ್ದು ಕತ್ತರಿಸುವವರೆಗೂ ಅದರಲ್ಲೇ ಇರುತ್ತದೆ.

ಬ್ಲೀಚ್ ಪುಡಿಗೆ ಡೆವಲಪರ್ ಎಂಬ ಪೆರಾಕ್ಸೈಡ್ ದ್ರವ ಸುರಿದು ಕಲಸಿದಳು. ಬಾಟಲಿಯ ಮೇಲೆ 40 ಎಂದು ಇತ್ತು. ಅದು ಏನೆಂದು ನನಗೆ ಆಗ ಗೊತ್ತಿರಲಿಲ್ಲ, ಈಗ ಗೊತ್ತು: 20 ಎಂದರೆ ನೂರಕ್ಕೆ 6 ಭಾಗ ಹೈಡ್ರೋಜನ್ ಪೆರಾಕ್ಸೈಡ್, 40 ಎಂದರೆ 12 ಭಾಗ. ಅಷ್ಟು ಖಡಕ್ ಇರುವುದನ್ನು ಬುಡಕ್ಕೆ ತಾಗಿಸಲೇಬಾರದು, ನೆತ್ತಿಯ ಕಾವಿಗೇ ಅದರ ಕೆಲಸ ಜೋರಾಗುತ್ತದೆ. ಇವಳು ಬುಡದಿಂದಲೇ ಬಳಿದು, ಎಳೆ ಎಳೆಯಾಗಿ ಫಾಯಿಲ್ ಸುತ್ತಿದಳು.

ಹತ್ತು ನಿಮಿಷಕ್ಕೆ ತುರಿಕೆ. ಅದು ಎಲ್ಲರಿಗೂ ಆಗುತ್ತದೆ ಎಂದಳು. ಇನ್ನೈದು ನಿಮಿಷಕ್ಕೆ ಕುತ್ತಿಗೆ ಹಿಂದಿನ ಫಾಯಿಲ್ ಮುಟ್ಟಿದರೆ, ಆಗಷ್ಟೇ ಹಂಚಿನಿಂದ ತೆಗೆದ ಚಪಾತಿ ಸುತ್ತಿಟ್ಟ ಹಾಗೆ ಬಿಸಿ. ಹೊರಗಿನಿಂದ ಯಾವ ಶಾಖವೂ ಕೊಟ್ಟಿರಲಿಲ್ಲ, ಒಳಗೇ ಕಾಯುತ್ತಿತ್ತು. ಆ ಹೊತ್ತಿಗೇ ಎದ್ದು ತೊಳೆಸಿಕೊಳ್ಳಬೇಕಿತ್ತು. ಬಣ್ಣ ಇನ್ನೂ ಬಿಟ್ಟಿಲ್ಲ ಎಂದು ಅವಳು ಮೇಲಿಂದ ಡ್ರೈಯರ್ ಹಿಡಿದಳು. ಎಡಗಿವಿಯ ಹಿಂದೆ ಚುರ್ ಎಂದು ಸುಟ್ಟ ಹಾಗಾಗಿ ಕೂಗಿಕೊಂಡೆ. ಒದ್ದೆ ನ್ಯಾಪ್‌ಕಿನ್ನಿನಿಂದ ಒರೆಸಿ ಮತ್ತೆ ಮುಂದುವರಿಸಿದಳು.

ತೊಳೆಯುವಾಗ ಬೇಸಿನ್ನಿನಲ್ಲಿ ಒಂದು ಹಿಡಿ ಕೂದಲು. ಕಿವಿಯ ಪಕ್ಕದ ಎಳೆಯೊಂದನ್ನು ಬೆರಳಲ್ಲಿ ಹಿಡಿದೆ. ಬೇಯಿಸಿದ ಶಾವಿಗೆಯ ಹಾಗೆ ಎಳೆದಷ್ಟೂ ಉದ್ದವಾಯಿತು. ಬಿಟ್ಟರೆ ಹಿಂದಕ್ಕೆ ಹೋಗಲಿಲ್ಲ, ಜೋತುಬಿತ್ತು. ಇನ್ನೊಂದು ಚೂರು ಎಳೆದರೆ ಕಡಿದು ಬೆರಳಿಗೆ ಅಂಟಿಕೊಂಡಿತು. ಬುಡದ ನಾಲ್ಕು ಬೆರಳು ಹಳದಿ, ನಡುವೆ ಕೇಸರಿ, ತುದಿಯಲ್ಲಿ ಹಿತ್ತಾಳೆಗೆ ಕಿಲುಬು ಹಿಡಿದಂಥ ಹಸಿರು. ಅದರ ಮೇಲೆಯೇ ನೀಲಿ ಬಳಿದರು. ಹಳದಿ ಇದ್ದಲ್ಲಿ ಹಸಿರಾಯಿತು, ಕೇಸರಿ ಇದ್ದಲ್ಲಿ ರಾಡಿ.

ಆ ರಾತ್ರಿ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಬಹಳ ಹೊತ್ತು ಮಾತೇ ಆಡಲಿಲ್ಲ ಅವಳು. ಆಮೇಲೆ, "ಎಣ್ಣಿ ಹಚ್ಚಿ ಹಚ್ಚಿ ಬೆಳಿಸಿದ್ನಲ್ಲವಾ ನಾ ಅದನ್ನ" ಅಂದಳು. ಅಷ್ಟೇ. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಬೆಳಿಗ್ಗೆ ಕಿವಿಯ ಹಿಂದೆ ನೀರು ಒಸರಿ ದಿಂಬಿಗೆ ಅಂಟಿತ್ತು. ಚರ್ಮದ ಡಾಕ್ಟರು ನೋಡಿ ಕೆಮಿಕಲ್ ಸುಟ್ಟ ಗಾಯ ಎಂದರು. ಉರಿ ಶುರುವಾದ ಕೂಡಲೇ ಹರಿಯುವ ತಣ್ಣೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಬೇಕಿತ್ತಂತೆ. ಒರೆಸಿದರೆ ಮದ್ದು ಅಲ್ಲೇ ಉಳಿದು ಸುಡುತ್ತಲೇ ಇರುತ್ತದೆ. ಆಳವಾಗಿ ಸುಟ್ಟು ಕಲೆ ಕಟ್ಟಿದ ಜಾಗದಲ್ಲಿ ಕೂದಲು ಮತ್ತೆ ಬರದೆಯೂ ಇರಬಹುದು ಎಂದರು. ನನಗೆ ಅಲ್ಲಿ ಒಂದು ರೂಪಾಯಿ ಅಗಲದಷ್ಟು ಜಾಗ ಇವತ್ತಿಗೂ ಬೋಳು.

ಕೆಳಗಿನ ಮನೆಯ ವೈನಿ ಅಲ್ಲಿಂದ ನೇರ ತಮಗೆ ಗೊತ್ತಿದ್ದ ಹಳೇ ಪಾರ್ಲರಿಗೆ ಕರೆದುಕೊಂಡು ಹೋದರು. ಅದನ್ನು ನಡೆಸುವ ಹೆಂಗಸಿಗೆ, ನಾವು ಬಾಯಿ ಎಂದು ಕರೆಯುವ ಅವರಿಗೆ, ಐವತ್ತು ದಾಟಿರಬೇಕು. ದುಪಟ್ಟಾ ಬಿಚ್ಚುತ್ತಿದ್ದ ಹಾಗೇ ಅವರು ಕೇಳಿದ ಮೊದಲ ಮಾತು, ‘ಮೆಹಂದಿ ಹಚ್ಚುತ್ತಿದ್ದೆಯಾ?’

ಅವರು ತಿಳಿಸಿ ಹೇಳಿದ್ದು ಇದು. ಬ್ಲೀಚ್ ಎಂದರೆ ಬಣ್ಣ ಹಚ್ಚುವುದಲ್ಲ, ಕೂದಲಿನ ಹೊರಪದರ ತೆರೆದು ಒಳಗಿನ ಕಪ್ಪನ್ನು ಸುಟ್ಟು ತೆಗೆಯುವುದು. ಕಪ್ಪಿನ ಜೊತೆಗೇ ಕೂದಲಿಗೆ ಗಟ್ಟಿತನ ಕೊಡುವ ಕೊಂಡಿಗಳೂ ಕಳಚುತ್ತವೆ. ನಮ್ಮಂಥ ಕಪ್ಪು ಕೂದಲು ಮೊದಲು ಕೆಂಪಾಗಿ, ಆಮೇಲೆ ಕೇಸರಿಯಾಗಿ, ಆಮೇಲೆ ಹಳದಿಯಾಗುತ್ತದೆ. ಬಾಳೆಹಣ್ಣಿನ ಸಿಪ್ಪೆಯ ಒಳಮೈಯಷ್ಟು ತಿಳಿಯಾದ ಮೇಲೆಯೇ ತಿಳಿನೀಲಿ ನೀಲಿಯಾಗಿ ಕಾಣುವುದು. ಅದು ಒಂದು ಮಧ್ಯಾಹ್ನದ ಕೆಲಸವಲ್ಲ, ವಾರಗಳ ಅಂತರ ಬಿಟ್ಟು ಹಲವು ಸಲ ಮಾಡಬೇಕು. ಅಪ್ಪಟ ಮೆಹಂದಿ ಸೊಪ್ಪಿನ ಕೆಂಪು ಕೂದಲಿನ ಪ್ರೋಟೀನಿಗೇ ಅಂಟಿರುವುದರಿಂದ ಬ್ಲೀಚಿಗೂ ಸುಲಭಕ್ಕೆ ಬಿಡದು. ಕಪ್ಪು ಬರಲೆಂದು ನೀಲಿಸೊಪ್ಪಿನ ಪುಡಿ ಸೇರಿಸಿದ್ದರೆ ಹಸಿರು ಏಳಬಹುದು. ಕೆಲವು ಪ್ಯಾಕೆಟ್ಟುಗಳಲ್ಲಿ ಲೋಹದ ಲವಣಗಳಿರುತ್ತವೆ. ಅವು ಪೆರಾಕ್ಸೈಡ್ ಜೊತೆ ಸೇರಿದರೆ ಕೂದಲು ತಾನಾಗಿಯೇ ಕಾದು ಕರಗಲೂಬಹುದು. ನನ್ನ ಫಾಯಿಲ್ ಬಿಸಿಯಾದದ್ದು ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. ಕಂಡೀಷನರ್, ಸ್ಪಾ ಯಾವುದಕ್ಕೂ ದುಡ್ಡು ಹಾಕಬೇಡ ಎಂದು ಕಿವಿಯ ಮಟ್ಟಕ್ಕೆ ಕತ್ತರಿಸಿದರು. ನೂರು ರೂಪಾಯಿ ತೆಗೆದುಕೊಂಡರು. ಕೇಳುವುದನ್ನು ಕೇಳಿ ಕೆಲಸ ಮಾಡುವವರು ಇಂಥವರು, ಇವರ ಹತ್ತಿರ ಮೊದಲೇ ಬರಲಿಲ್ಲವಲ್ಲ ಎಂದು ಕುರ್ಚಿಯಲ್ಲೇ ಅತ್ತುಬಿಟ್ಟೆ.

ನಮ್ಮ ಎದುರುಮನೆ ಹುಡುಗಿ, ಇನ್ನೂ ಕಾಲೇಜಿಗೆ ಹೋಗುವವಳು, ಅವತ್ತೇ ಸಂಜೆ ಅದೇ ಮೊದಲ ಪಾರ್ಲರಿಗೆ ಹೋಗುವವಳಿದ್ದಳು. ಅವಳಿಗೆ ಹುಬ್ಬನ್ನೂ ನೀಲಿ ಮಾಡಿಸುವ ಮನಸ್ಸು. ಬ್ಲೀಚ್ ಕಣ್ಣಿಗೆ ಇಳಿದರೆ ಏನಾಗಬಹುದೆಂದು ಯೋಚಿಸಿದರೆ ನನಗೆ ಈಗಲೂ ಮೈ ನಡುಗುತ್ತದೆ. ಫೋನ್ ಮಾಡಿ ಅಲ್ಲಿಗೇ ಕರೆಸಿಕೊಂಡೆ. "ಅಕ್ಕಾ, ನಾ ಬರೇ ಎರಡ್ ಸಲ ಹಚ್ಚೀನಿ" ಅಂದಳು.

ಬಾಯಿ ಅವಳ ಒಳಜಡೆಯಿಂದ ನಾಲ್ಕೈದು ಎಳೆ ಕತ್ತರಿಸಿ ಗಾಜಿನ ಬಟ್ಟಲಿನಲ್ಲಿ ಬ್ಲೀಚಿಗೆ ಅದ್ದಿಟ್ಟು ಅರ್ಧ ಗಂಟೆ ಕಾಯಿಸಿದರು. ಬಟ್ಟಲು ಬೆಚ್ಚಗಾಯಿತು, ಎಳೆಗಳ ಸುತ್ತ ಗುಳ್ಳೆ ಎದ್ದವು. ತೊಳೆದು ಎಳೆದಾಗ ಕೂದಲು ಅವಳ ಕಣ್ಣೆದುರೇ ಜಗ್ಗಿ ಕಡಿಯಿತು. ಇಷ್ಟೇ ಪರೀಕ್ಷೆ. ತಲೆಗೆ ಹಾಕುವ ಮುನ್ನ ಯಾವ ಪಾರ್ಲರಿನಲ್ಲೂ ಮಾಡಿಸಬಹುದು. ಮಾಡುವುದಿಲ್ಲ ಎಂದರೆ ಎದ್ದು ಬನ್ನಿ. ಗಟ್ಟಿ ನಿಲ್ಲುವ ಡೈ ಹಚ್ಚಿಸುವವರು 48 ಗಂಟೆ ಮೊದಲು ಚರ್ಮದ ಮೇಲೆ ಒಂದು ಬೊಟ್ಟು ಹಚ್ಚಿ ಅಲರ್ಜಿ ನೋಡಿಕೊಳ್ಳಿ. ದಮ್ಮಿನ ತೊಂದರೆ ಇದ್ದವರು ಬ್ಲೀಚ್ ಪುಡಿ ಕಲಸುವಲ್ಲಿ ಕೂರಲೂ ಬೇಡಿ, ಅದರ ಧೂಳು ಉಸಿರು ಕಟ್ಟಿಸುತ್ತದೆ.

ಹುಡುಗಿಯ ಮುಖ ಸಣ್ಣದಾಯಿತು. ಆಗ ವೈನಿ, "ನಮ್ಮ ಕಡೆ ನಾಟಕ ಕಂಪನ್ಯಾಗ ಟೋಪನ್ ಹಾಕ್ಕೊಂಡು ರಾತ್ರಿ ಪೂರ್ತಿ ಆಡ್ತಿದ್ರು, ನಿನಗ ಚೌರಿ ಸಾಲೂದಿಲ್ಲೇನ?" ಅಂದರು. ಅಂಗಡಿಯಲ್ಲಿ ನೀಲಿ ನೈಲಾನ್ ಚೌರಿ ಸಿಕ್ಕಿತು, ಮೂರಕ್ಕೆ ಇನ್ನೂರ ನಲವತ್ತು ರೂಪಾಯಿ. ವೈನಿ ಅವಳ ಕರೀ ಕೂದಲಿನ ಜೊತೆ ಸೇರಿಸಿ ಮೂರು ಜಡೆ ಹೆಣೆದರು, ಬುಡದಿಂದ ಬಿಗಿಯಾಗಿ, ನಡುನಡುವೆ ಬೆಳ್ಳಿ ದಾರ ಸುತ್ತಿ.

ಸೋಮವಾರ ವಾಸ್ಕೋದ ಮೆರವಣಿಗೆಗೆ ನಾನು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಎಂದಿನಂತೆ ರಸ್ತೆ ಪಕ್ಕ ನಿಂತಿದ್ದೆ. ಅವಳು ತಿರುಗಿದಾಗೊಮ್ಮೆ ಮೂರೂ ಜಡೆ ಬಿಚ್ಚಿದ ಕೊಡೆಯ ಹಾಗೆ ಎದ್ದು ಬೀಳುತ್ತಿದ್ದವು. ಬೆವರಿಗೆ ಬಣ್ಣ ಇಳಿಯಲಿಲ್ಲ, ಒಂದೂ ಜಾರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ, ತೊಳೆದ ಚೌರಿಗಳು ಅವರ ಬಾಲ್ಕನಿಯ ತಂತಿಗೆ ಒಣಗಲು ತೂಗುತ್ತಿದ್ದವು. ಅವಳು ಪಕ್ಕದಲ್ಲಿ ಕೂತು ತನ್ನ ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.