ಮೋಹಿನಿ ಕೂದಲಿಗೆ ಯಾವ ಪೆನ್ನು?

ಅಕ್ಕನ ಮಗಳು ಕಾಲೇಜಿನ ಕೈಬರಹದ ಪತ್ರಿಕೆಗೆ ಒಂದು ದೆವ್ವದ ಪದ್ಯ ಬರೆದಿದ್ದಳು. ರಾತ್ರಿ ಮೋಹಿನಿ ಬಂದು ಅಮ್ಮನ ದನಿಯಲ್ಲಿ ಕರೆಯುತ್ತಾಳೆ. ಬಾಗಿಲ ಮೇಲಿನ 'ನಾಳೆ ಬಾ' ಓದಿ ವಾಪಸ್ ಹೋಗುತ್ತಾಳೆ. ಗೊತ್ತಿರುವ ಕಥೆಯೇ ಅಲ್ವಾ? "ಮಾಮ, ಚಿತ್ರ ನೀನೇ ಬರ್ಕೊಡು" ಎಂದಳು.

ದಾವಣಗೆರೆಯಲ್ಲಿ ಅಂಗಡಿ ಬಾಗಿಲು ಹಾಕಿ, ಊಟ ಮುಗಿದ ಮೇಲೆಯೇ ನನ್ನ ಚಿತ್ರಕಲೆ. ಮೂರು ಪೆನ್ನು ಹಿಡಿದು ನೋಡಿದೆ. ಗೆದ್ದದ್ದು ಇಂಕಿನಲ್ಲಿ ಅದ್ದಿ ಬರೆಯುವ ನಿಬ್ಬು. ಹಾಗಂತ ಅದು ಕೊಟ್ಟ ಕಾಟವೇನೂ ಕಮ್ಮಿಯಲ್ಲ.

ಮೊದಲು ಫೈನ್‌ಲೈನರ್, ಅಂದರೆ ಒಂದೇ ದಪ್ಪದ ಸಣ್ಣ ಗೆರೆ ಎಳೆಯುವ ಪೆನ್ನು. 0.25 ಮಿ.ಮೀ. ಗೆರೆ, ಒಣಗಿದ ಮೇಲೆ ನೀರು ಬಿದ್ದರೂ ಕದಲುವುದಿಲ್ಲ. ಚೌಕಟ್ಟು, ಹೆಂಚು, ಚಿಲಕ ಎಲ್ಲ ಚೊಕ್ಕವಾಗಿ ಬಂತು. ಕೂದಲು ಮಾತ್ರ ಕೆಟ್ಟಿತು. ಎಷ್ಟು ಒತ್ತಿದರೂ ಗೆರೆ ಅಷ್ಟೇ ದಪ್ಪ. ಮೋಹಿನಿ ತಲೆ ಮೇಲೆ ಶಾವಿಗೆ ಸುರಿದ ಹಾಗಿತ್ತು.

ಫೌಂಟನ್ ಪೆನ್ನಿನ ಮಾತು ಬೇಡ. ನೆರಳಿಗೆಂದು ಒದ್ದೆ ಬ್ರಷ್ ಆಡಿಸಿದೆ, ಹಿಂದುಮುಂದಾದ ಪಾದ ಕರಗಿಯೇ ಹೋಯಿತು. ಹಾಗಂತ ಅದಕ್ಕೆ, ಒಣಗಿದರೆ ನೀರಿಗೆ ಕರಗದ ಇಂಡಿಯನ್ ಇಂಕ್ ತುಂಬಲು ಹೋಗಬೇಡಿ. ಅದರಲ್ಲಿನ ಅರಗು ಒಳಗೇ ಒಣಗಿ ಪೆನ್ನು ಕಟ್ಟಿಕೊಳ್ಳುತ್ತದೆ.

ಇನ್ನು ನಿಬ್ಬು. ಮೊದಲ ರಾತ್ರಿ ಅದ್ದಿದೆ. ಕೆಸುವಿನ ಎಲೆ ಮೇಲಿನ ನೀರಿನಂತೆ ಇಂಕು ಗುಂಡಗೆ ಕೂತಿತು. ಎಳೆದರೆ ಗೆರೆಯೇ ಇಲ್ಲ. ಸ್ವಲ್ಪ ಒತ್ತಿದೆ. ಅಷ್ಟೂ ಇಂಕು ಪಟ್ಟಂತ ಇಳಿದು 'ನಾಳೆ'ಯನ್ನು ನುಂಗಿತು. ಬಾಗಿಲ ಮೇಲೆ ಉಳಿದದ್ದು ಬರೀ 'ಬಾ'. ದೆವ್ವವನ್ನು ನಾನೇ ಒಳಗೆ ಕರೆದ ಹಾಗಾಯಿತು!

ಆಮೇಲೆ ಗೊತ್ತಾಯಿತು, ತುಕ್ಕು ಹಿಡಿಯದಿರಲಿ ಎಂದು ಹೊಸ ನಿಬ್ಬಿಗೆ ಎಣ್ಣೆ ಸವರಿರುತ್ತಾರಂತೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ, ತೊಳೆದು ಒರೆಸಿದೆ. ಇಂಕು ನಿಬ್ಬಿಗೆ ಅಂಟಿ ನಿಂತಿತು. ಆದರೆ ಏಪ್ರಿಲ್ ಸೆಕೆಗೆ ಫ್ಯಾನ್ ಹಾಕಿದರೆ ನಿಬ್ಬಿನ ತುದಿಯಲ್ಲೇ ಒಣಗುತ್ತದೆ. ಕೊನೆಗೆ ಫ್ಯಾನ್ ಆರಿಸಿ, ಬನಿಯನ್ನಿನಲ್ಲಿ ಕೂತು, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು ಬರೆದೆ. ಐದು ನಿಮಿಷಕ್ಕೊಮ್ಮೆ ಒರೆಸುವುದು, ಮತ್ತೆ ಅದ್ದುವುದು.

ಇಷ್ಟೆಲ್ಲ ಯಾಕೆ? ಕೂದಲಿಗೆ. ಬುಡದಲ್ಲಿ ಒತ್ತಿದರೆ ನಿಬ್ಬಿನ ಸೀಳು ಬಿಚ್ಚಿ ಗೆರೆ ದಪ್ಪ. ಕೈ ಹಗುರ ಮಾಡುತ್ತಾ ಹೋದರೆ ತುದಿ ಕಾಣದಷ್ಟು ಸಣ್ಣ. ಗಾಳಿಗೆ ಹಾರುವ ಕೂದಲು ಹಾಗೇ ಬಂತು.

ಕಾಗದ ನಯವಾದ ಐವರಿ ಶೀಟ್ ಇರಲಿ. ಒರಟು ಹಾಳೆಯ ನಾರು ನಿಬ್ಬಿಗೆ ಸಿಕ್ಕಿಕೊಳ್ಳುತ್ತದೆ. ಬಸ್ಸಿನಲ್ಲಿ ಗೀಚುವವರಿಗೆ ಫೈನ್‌ಲೈನರೇ ಸರಿ. ನನಗೆ ಒಂದು ಶೀಸೆ ಇಂಕು ವರ್ಷಗಟ್ಟಲೆ ಬರುತ್ತದೆ, ಸವೆದರೆ ನಿಬ್ಬು ಮಾತ್ರ ಬದಲಿಸಿದರಾಯಿತು.

ಹೊಸ ಹಾಳೆಯಲ್ಲಿ 'ನಾಳೆ ಬಾ' ಮಾತ್ರ ಫೈನ್‌ಲೈನರಿನಲ್ಲೇ ಬರೆದೆ. ಸುಮ್ನೆ ಯಾಕೆ ರಿಸ್ಕು.