ಏರ್ ಪಿಸ್ತೂಲಿಗೆ ಯಾವ ಪೆಲೆಟ್ ತರಬೇಕು? ಹೊಡೆದು ನೋಡಿ ಬರೆದದ್ದು

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದ ಮೇಲೆ ನಮ್ಮ ಹುಬ್ಬಳ್ಳಿಯ ರೇಂಜಿಗೆ ಬರುವ ಮಕ್ಕಳು ಜಾಸ್ತಿ ಆಗಿದ್ದಾರೆ. ಧಾರವಾಡದ ಮಕ್ಕಳು ಚಿಗರಿ ಬಸ್ಸು ಹಿಡಿದು ಬರುತ್ತಾರೆ, ಗದಗ, ಹಾವೇರಿಯಿಂದ ರವಿವಾರ ರೈಲಿಗೆ ಬರುವವರೂ ಇದ್ದಾರೆ. ಜೊತೆಗೆ ಬಂದ ಅಪ್ಪ-ಅಮ್ಮ ಹಿಂದೆ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಾರೆ. ಆಮೇಲೆ ಹತ್ತಿರ ಬಂದು ಪೆಲೆಟ್, ಅಂದರೆ ಏರ್ ಪಿಸ್ತೂಲಿಗೆ ಹಾಕುವ ಸೀಸದ ಸಣ್ಣ ಗುಂಡಿನ ಬಗ್ಗೆ ಕೇಳುವುದು ಬಹುತೇಕ ಒಂದೇ ಮಾತು: "ಸರ್, ತುಟ್ಟಿ ಪೆಲೆಟ್ ಕೊಡಿಸಿದ್ರ ಪಾಯಿಂಟ್ ಜಾಸ್ತಿ ಬೀಳ್ತಾವೇನ್ರಿ?"

ಮೊದಲ ಒಂದೆರಡು ವರ್ಷ ಬೀಳುವುದಿಲ್ಲ. ಆಮೇಲೆ ಬೀಳಬಹುದು, ಆದರೆ ಡಬ್ಬಿ ತುಟ್ಟಿ ಅನ್ನುವ ಕಾರಣಕ್ಕಲ್ಲ, ಆ ಪೆಲೆಟ್ ನಿಮ್ಮ ಪಿಸ್ತೂಲಿನ ಬ್ಯಾರಲ್‌ಗೆ (ನಳಿಗೆಗೆ) ಹೊಂದಿದೆ ಅನ್ನುವ ಕಾರಣಕ್ಕೆ.

ಸ್ವಲ್ಪ ಲೆಕ್ಕ ಹಾಕೋಣ. ಏರ್ ಪಿಸ್ತೂಲಿನ ಟಾರ್ಗೆಟ್‌ನಲ್ಲಿ ಹತ್ತರ ಉಂಗುರದ ಅಗಲ 11.5 ಮಿಮೀ. ಪೆಲೆಟ್ 4.5 ಮಿಮೀ. ಪೆಲೆಟ್‌ನ ಅಂಚು ಗೆರೆಗೆ ತಾಗಿದರೂ ಹತ್ತೇ. ಅಂದರೆ ಹೊಡೆತ ನಟ್ಟನಡುವಿನಿಂದ 8 ಮಿಮೀ ಆಚೆ ಬಿದ್ದರೂ ಹತ್ತು ಸಿಗುತ್ತದೆ. ರೈಫಲ್‌ನಲ್ಲಿ ಹಾಗಿಲ್ಲ, ಅಲ್ಲಿ ಹತ್ತು ಅಂದರೆ ಬರೀ ಅರ್ಧ ಮಿಮೀ ಚುಕ್ಕೆ. ಪಿಸ್ತೂಲನ್ನು ಮೇಜಿನ ಮೇಲೆ ಗಟ್ಟಿಯಾಗಿ ಊರಿ ಹೊಡೆದರೆ ಒಳ್ಳೆಯ ಕಂಪನಿಯ ಯಾವ ಮ್ಯಾಚ್ ಪೆಲೆಟ್ (ಸ್ಪರ್ಧೆಗೆ ಅಂತ ಮಾಡಿದ್ದು) ಆದರೂ ಆ ಹತ್ತರ ಒಳಗೇ ಬೀಳುತ್ತದೆ. ಹೊಸ ಹುಡುಗ ಒಂದೇ ಕೈಯಲ್ಲಿ ಹಿಡಿದಾಗ ಏಳು, ಎಂಟು ಬೀಳುತ್ತವಲ್ವಾ, ಆ ಏಳರ ಉಂಗುರದ ಅಗಲ 59.5 ಮಿಮೀ. ಅಷ್ಟು ದೂರ ಹೊಡೆತ ಹೋಗುವುದಕ್ಕೆ ಪೆಲೆಟ್ ಕಾರಣ ಅಲ್ಲ. ಕೈ ಕಾರಣ, ಟ್ರಿಗರ್ ಮೇಲಿನ ಬೆರಳು ಕಾರಣ. ಹಾಗಾಗಿ ಡಬ್ಬಿಗೆ ಹಾಕುವ ಹೆಚ್ಚಿನ ದುಡ್ಡಿನಲ್ಲಿ ಇನ್ನೊಂದು ಡಬ್ಬಿ ತಂದು ಅಷ್ಟು ಜಾಸ್ತಿ ಹೊಡೆಸಿ ಅಂತಲೇ ನಾನು ಎಲ್ಲರಿಗೂ ಹೇಳುವುದು. ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 500 ಇರುತ್ತವೆ. ಮ್ಯಾಚಿನಲ್ಲಿ 60 ಹೊಡೆತ, ದಿನಾ ಅಷ್ಟೇ ಅಭ್ಯಾಸ ಮಾಡಿದರೂ ಎಂಟು ದಿನಕ್ಕೆ ಡಬ್ಬಿ ಖಾಲಿ.

ನಾನು ಹೊಡೆಯುವ ಪಿಸ್ತೂಲು ಮೊರಿನಿ 162ಇಐ, ಅದರಲ್ಲೂ ಗಿಡ್ಡ ಬ್ಯಾರಲ್‌ದು. ಒಂದು ಸಲಕ್ಕೆ ಒಂದೇ ಪೆಲೆಟ್, ಪ್ರತಿ ಸಲ ಕೈಯಿಂದಲೇ ಹಾಕಬೇಕು. ರೇಂಜಿನಲ್ಲಿರುವ ಒಂದು ಸ್ಟೇಯರ್ ಎಲ್‌ಪಿ10ರಲ್ಲೂ ಇವೇ ಪೆಲೆಟ್ ಹಾಕಿ ನೋಡಿದ್ದೇನೆ. ಕೆಳಗೆ ಬರೆದದ್ದೆಲ್ಲ ಈ ಎರಡರ ಅನುಭವ.

ಗಿಡ್ಡ ಬ್ಯಾರಲ್ ಇದ್ದವರು ಮೊದಲು ನೋಡಬೇಕಾದದ್ದು ತೂಕ. ಡಬ್ಬಿಯ ಮೇಲೆ ಗ್ರಾಂನಲ್ಲಿ ಬರೆದಿರುತ್ತಾರೆ. ಪಿಸ್ತೂಲಿಗೆ ಅಂತಲೇ ಮಾಡುವುದು ಸಾಮಾನ್ಯವಾಗಿ 0.45ರಿಂದ 0.49 ಗ್ರಾಂ, ರೈಫಲ್‌ದು 0.53 ಗ್ರಾಂ. ಏರ್ ಪಿಸ್ತೂಲಿನಿಂದ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಿಡ್ಡ ಬ್ಯಾರಲ್‌ನಲ್ಲಿ ಗಾಳಿ ಹಿಂದಿನಿಂದ ತಳ್ಳುವ ದಾರಿ ಕಡಿಮೆ, ಆದ್ದರಿಂದ ಭಾರದ ಪೆಲೆಟ್ ಹಾಕಿದರೆ ವೇಗ ಇನ್ನಷ್ಟು ಕಡಿಮೆ ಆಗುತ್ತದೆ. ಹಗುರದ್ದು ಬೇಗ ಹೊರಗೆ ಬೀಳುತ್ತದೆ. ಟ್ರಿಗರ್ ಒತ್ತಿದ ಮೇಲೆ ಪೆಲೆಟ್ ಬ್ಯಾರಲ್ ಒಳಗೆ ಇರುವಷ್ಟು ಹೊತ್ತು ಕೈ ಅಲುಗಿದರೆ ಅದೆಲ್ಲ ಟಾರ್ಗೆಟ್ ಮೇಲೆ ಕಾಣಿಸುತ್ತದೆ, ಹಾಗಾಗಿ ಬೇಗ ಹೊರಬಿದ್ದಷ್ಟೂ ಒಳ್ಳೆಯದು. 0.53 ಹಾಕಲೇಬಾರದು ಅಂತಲ್ಲ, ಕೆಲವು ಬ್ಯಾರಲ್‌ಗೆ ಅದೇ ಚೆನ್ನಾಗಿ ಹೊಂದುತ್ತದೆ, ಹೊಡೆತ ಸ್ವಲ್ಪ ಕೆಳಗೆ ಬೀಳುತ್ತದೆ, ಗುರಿ ನೋಡುವ ಸೈಟ್ ಒಂದೆರಡು ಕ್ಲಿಕ್ ತಿರುಗಿಸಿದರೆ ಸರಿ ಹೋಗುತ್ತದೆ. ಆದರೆ ಯಾವುದನ್ನೂ ಹೊಡೆದು ನೋಡದೆ ತರುವುದಾದರೆ ಹಗುರದ್ದನ್ನೇ ತನ್ನಿ.

ಇನ್ನು ಡಬ್ಬಿಗಳ ವಿಷಯ.

ಆರ್‌ಡಬ್ಲ್ಯೂಎಸ್ ಹಾಬಿ, 0.45 ಗ್ರಾಂ. ಕಲಿಯುವವರಿಗೆ ನಾನು ಹೇಳುವುದು ಇದನ್ನೇ. ತಲೆ ಚಪ್ಪಟೆ, ಕಾಗದದ ಟಾರ್ಗೆಟ್ ಮೇಲೆ ಪಂಚಿಂಗ್ ಮಶೀನಿನಿಂದ ಕತ್ತರಿಸಿದ ಹಾಗೆ ದುಂಡಗೆ ತೂತು ಬೀಳುತ್ತದೆ, ಪಾಯಿಂಟ್ ಎಣಿಸುವಾಗ ಜಗಳ ಇಲ್ಲ. ಬೆಲೆಯೂ ಕೈಗೆ ಎಟುಕುವಂಥದ್ದು. ಊರಿ ಹೊಡೆದಾಗ ನನ್ನ ಮೊರಿನಿಯಲ್ಲಿ ಎಲ್ಲವೂ ಹತ್ತರ ಒಳಗೆ ಬಿದ್ದವು. ಕಲಿಯುವ ಮಗುವಿಗೆ ಇದಕ್ಕಿಂತ ಜಾಸ್ತಿ ಏನು ಬೇಕು ಹೇಳಿ.

ಆರ್‌ಡಬ್ಲ್ಯೂಎಸ್ ಮೈಸ್ಟರ್‌ಕುಗೆಲ್ನ್, ಪಿಸ್ತೂಲಿನದು 0.45 ಗ್ರಾಂ. ಇದೇ ಹೆಸರಲ್ಲಿ 0.53 ಗ್ರಾಂ ರೈಫಲ್‌ದೂ ಬರುತ್ತದೆ, ಆರ್ಡರ್ ಹಾಕುವಾಗ ನೋಡಿ ಹಾಕಿ. ಜಿಲ್ಲಾ, ರಾಜ್ಯ ಮಟ್ಟದ ಮ್ಯಾಚಿಗೆ ಹೋಗುವವರು ಅಭ್ಯಾಸಕ್ಕೂ ಮ್ಯಾಚಿಗೂ ಇದೊಂದನ್ನೇ ಇಟ್ಟುಕೊಳ್ಳಬಹುದು. ನನಗೆ ಇದರಲ್ಲಿ ಇಷ್ಟವಾದದ್ದು ಒಂದೇ ತೆರನಾಗಿರುವುದು. ತಟ್ಟೆಗೆ ಸುರಿದು ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ತೆಗೆದು ಬಿಸಾಕುವಂಥವು ತೀರಾ ಕಡಿಮೆ.

ಎಚ್ ಆಂಡ್ ಎನ್ ಫಿನಾಲೆ ಮ್ಯಾಚ್ ಪಿಸ್ತೂಲ್, 0.49 ಗ್ರಾಂ. ಜರ್ಮನಿಯ ಈ ಕಂಪನಿ 1825ರಿಂದ ಇದೆ. ನನ್ನ ಗಿಡ್ಡ ಬ್ಯಾರಲ್‌ಗೆ ಎಲ್ಲಕ್ಕಿಂತ ಚೆನ್ನಾಗಿ ಕೂತದ್ದು ಇದು, ಅದರಲ್ಲೂ 4.49 ತಲೆಯದು. ಈ ತಲೆ ಅಳತೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮ್ಯಾಚ್ ಪೆಲೆಟ್‌ಗಳು 4.49, 4.50, 4.51 ಅಂತ ಬೇರೆ ಬೇರೆ ತಲೆ ಅಳತೆಯಲ್ಲಿ ಬರುತ್ತವೆ. ಮಿಲಿಮೀಟರಿನ ನೂರರಲ್ಲಿ ಒಂದು ಭಾಗದ ವ್ಯತ್ಯಾಸ, ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಆದರೆ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಸರಿಯಾದದ್ದು ಬ್ಯಾರಲ್ ಬಾಯಿಗೆ ಮೆತ್ತಗೆ ಒತ್ತಿದರೆ ಸಾಕು, ಕೂರುತ್ತದೆ. ದೊಡ್ಡದಾದರೆ ಒತ್ತಬೇಕಾಗುತ್ತದೆ, ಒತ್ತುವಾಗ ಸ್ಕರ್ಟ್, ಅಂದರೆ ಪೆಲೆಟ್‌ನ ಹಿಂದಿನ ಟೊಳ್ಳು ಭಾಗ, ಸೊಟ್ಟ ಆಗಬಹುದು. ಸಣ್ಣದಾದರೆ ಒಳಗೆ ಜಾರಿ ಹೋಗುತ್ತದೆ. ಅದೇ ಸ್ಟೇಯರ್‌ನಲ್ಲಿ 4.50 ಚೆನ್ನಾಗಿ ಹೊಡೆಯಿತು. ಹಾಗಾಗಿ "ಯಾವ ಅಳತೆ ಒಳ್ಳೆಯದು" ಅಂತ ನನ್ನನ್ನು ಕೇಳಿದರೆ ನನ್ನ ಬಳಿ ನಿಮ್ಮ ಪಿಸ್ತೂಲಿಗೆ ಉತ್ತರ ಇಲ್ಲ, ಎರಡೂ ಅಳತೆಯ ಒಂದೊಂದು ಹಿಡಿ ಪೆಲೆಟ್ ಯಾರಿಂದಾದರೂ ಇಸಕೊಂಡು ಹೊಡೆದು ನೋಡುವುದೇ ಸರಿ.

ಆರ್‌ಡಬ್ಲ್ಯೂಎಸ್ ಆರ್10 ಮ್ಯಾಚ್, ಪಿಸ್ತೂಲಿನದು 0.45 ಗ್ರಾಂ. ದೊಡ್ಡ ಶೂಟರ್‌ಗಳ ಕೈಯಲ್ಲಿ ಕಾಣುವ ಡಬ್ಬಿ. ನಿಜವಾಗಿಯೂ ಚೆಂದದ ಪೆಲೆಟ್, ತೂಕದಲ್ಲಿ, ಆಕಾರದಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಸಿಗುವುದೇ ಕಷ್ಟ. ನಾನು ತಂದ ಹೊತ್ತಿನಲ್ಲಿ ಇದರ ಒಂದು ಡಬ್ಬಿಯ ದುಡ್ಡಿಗೆ ಹಾಬಿಯ ಸುಮಾರು ಎರಡು ಡಬ್ಬಿ ಬರುತ್ತಿದ್ದವು. ಫೈನಲ್‌ನಲ್ಲಿ ಪಾಯಿಂಟ್ ದಶಾಂಶದಲ್ಲಿ ಎಣಿಸುತ್ತಾರೆ, 10.2 ಮತ್ತು 10.6ರ ನಡುವೆ ಪದಕ ಕೈ ತಪ್ಪುತ್ತದೆ, ಅಲ್ಲಿ ಇದು ಬೇಕು. 60 ಹೊಡೆತದ ಮ್ಯಾಚಿನಲ್ಲಿ 600ಕ್ಕೆ 540 ದಾಟದವರಿಗೆ ಬೇಡ. ದುಡ್ಡಿದ್ದವರಿಗೂ ಬೇಡ ಅಂತಲೇ ಹೇಳುತ್ತೇನೆ, ಯಾಕೆಂದರೆ ತುಟ್ಟಿ ಡಬ್ಬಿ ಹಿಡಿದ ಮಗು ಕೆಟ್ಟ ಹೊಡೆತಕ್ಕೆ ತನ್ನ ಬೆರಳನ್ನು ನೋಡುವುದು ಬಿಟ್ಟು ಪಿಸ್ತೂಲನ್ನು ನೋಡಲು ಶುರು ಮಾಡುತ್ತದೆ.

ಚೀನಾದ ಕ್ಯೂವೈಎಸ್ ಕೂಡ ಈಗ ನಮ್ಮಲ್ಲಿ ಬಹಳ ಜನ ಹೊಡೆಯುತ್ತಾರೆ. ಒಬ್ಬರ ಹತ್ತಿರ ಇಸಕೊಂಡು ಸ್ವಲ್ಪವೇ ಹೊಡೆದದ್ದು, ಚೆನ್ನಾಗಿತ್ತು, ಅದಕ್ಕಿಂತ ಜಾಸ್ತಿ ಹೇಳುವಷ್ಟು ಹೊಡೆದಿಲ್ಲ.

ಚೂಪು ತಲೆಯ ಪೆಲೆಟ್ ಮಾತ್ರ ಬೇಡವೇ ಬೇಡ. ಊರಲ್ಲಿ ಸಾದಾ ಏರ್‌ಗನ್ ಮಾರುವ ಕೆಲವು ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅದೇ. ಕಾಗದ ಹರಿಯುತ್ತದೆ, ತೂತಿನ ಅಂಚು ಎಲ್ಲಿ ಅಂತ ಗೊತ್ತಾಗುವುದಿಲ್ಲ, ಹೊಡೆತಗಳು ಒಂದೇ ಕಡೆ ಗುಂಪಾಗಿ ಬೀಳದೆ ಚದುರುತ್ತವೆ.

ಬ್ರ್ಯಾಂಡ್‌ಗಿಂತ ಜಾಸ್ತಿ ವ್ಯತ್ಯಾಸ ಮಾಡುವುದು ಪೆಲೆಟ್‌ನ ಸ್ಥಿತಿ. ಒಂದು ಪೆಲೆಟ್ ಅಂಗೈ ಮೇಲೆ ಇಟ್ಟುಕೊಂಡು ನೋಡಿ. ತಲೆ ಗಟ್ಟಿ, ಸೊಂಟ ಸಣ್ಣದು, ಹಿಂದಿನ ಸ್ಕರ್ಟ್ ಟೊಳ್ಳು. ಆ ಸ್ಕರ್ಟಿನ ಗೋಡೆ ಎಷ್ಟು ತೆಳು ಅಂದರೆ ಉಗುರಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ಹಿಂದಿನಿಂದ ಬರುವ ಗಾಳಿ ಈ ಸ್ಕರ್ಟನ್ನೇ ಅಗಲಿಸಿ ಬ್ಯಾರಲ್‌ಗೆ ಒತ್ತುತ್ತದೆ, ಅದರಿಂದಲೇ ಗಾಳಿ ಸೋರುವುದಿಲ್ಲ, ಬ್ಯಾರಲ್ ಒಳಗಿನ ತಿರುಗು ಗೆರೆ ಹಿಡಿಯುತ್ತದೆ. ಅದು ಒಂದು ಕಡೆ ನೆಗ್ಗಿದ್ದರೆ ಹೊಡೆತ ಎಲ್ಲಿಗೆ ಹೋಗುತ್ತದೋ ಹೇಳಲು ಬರುವುದಿಲ್ಲ. ಪರೀಕ್ಷೆ ಸುಲಭ: ಗಾಜಿನ ಮೇಲೆ ಉರುಳಿಸಿ. ಸ್ಕರ್ಟ್ ತಲೆಗಿಂತ ಸ್ವಲ್ಪ ದೊಡ್ಡದು, ಹಾಗಾಗಿ ಒಳ್ಳೆಯ ಪೆಲೆಟ್ ನುಣ್ಣಗೆ ಬಾಗಿ ತಿರುಗುತ್ತದೆ. ನೆಗ್ಗಿದ್ದು ತಡವರಿಸುತ್ತದೆ.

ಇದಕ್ಕೇ ಡಬ್ಬಿಯನ್ನು ಬೈಕಿನ ಡಿಕ್ಕಿಯಲ್ಲಿ ಹಾಕಬೇಡಿ ಅಂತ ಬೇಡಿಕೊಳ್ಳುವುದು. ನಮ್ಮ ರಸ್ತೆಗಳು ಗೊತ್ತಿವೆಯಲ್ಲ, ಅರ್ಧ ಖಾಲಿ ಆದ ಡಬ್ಬಿಯೊಳಗೆ ಪೆಲೆಟ್‌ಗಳು ಒಂದಕ್ಕೊಂದು ಬಡಿದುಕೊಂಡು ಬರುತ್ತವೆ. ಡಬ್ಬಿಯ ಖಾಲಿ ಜಾಗಕ್ಕೆ ಸ್ಪಂಜು ತುಂಬಿ ಬ್ಯಾಗಿನಲ್ಲಿ ಬಟ್ಟೆಯ ನಡುವೆ ಇಡಿ. ಆನ್‌ಲೈನ್‌ನಲ್ಲಿ ತರಿಸುವವರೂ ನೋಡಿಕೊಳ್ಳಿ. ಒಬ್ಬ ಮಾರಾಟಗಾರ ನನಗೆ ನಾಲ್ಕು ಡಬ್ಬಿಗಳನ್ನು ಬರೀ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಳಿಸಿದ್ದ, ಒಂದರ ಮುಚ್ಚಳವೇ ತೆರೆದಿತ್ತು, ಫೋನ್ ಮಾಡಿದರೆ ಕೊರಿಯರ್‌ನವರನ್ನು ಕೇಳಿ ಅಂದ. ಈಗ ಯಾರು ಬಬಲ್ ಶೀಟ್ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸುತ್ತಾರೋ ಅವರ ಹತ್ತಿರ ನಾಲ್ಕು ರೂಪಾಯಿ ಜಾಸ್ತಿ ಕೊಟ್ಟೇ ತರಿಸುತ್ತೇನೆ. ರೇಂಜಿನಲ್ಲಿ ನಾಲ್ಕೈದು ಜನ ಸೇರಿ ಒಟ್ಟಿಗೆ ತರಿಸಿದರೆ ಇನ್ನೂ ಒಳ್ಳೆಯದು, ಒಂದೇ ಲಾಟ್ (ಒಟ್ಟಿಗೆ ತಯಾರಾದದ್ದು) ಸಿಗುತ್ತದೆ. ಲಾಟ್ ನಂಬರ್ ಡಬ್ಬಿಯ ಮೇಲೆ ಇರುತ್ತದೆ. ಒಂದೇ ಹೆಸರಿನ ಪೆಲೆಟ್ ಕೂಡ ಲಾಟ್ ಬದಲಾದರೆ ಸ್ವಲ್ಪ ಬೇರೆ ಹೊಡೆಯಬಹುದು, ಮ್ಯಾಚಿಗೆ ಹೋಗುವವರು ತಮಗೆ ಹೊಂದಿದ ಲಾಟ್ ಸಿಕ್ಕರೆ ಎರಡು ಡಬ್ಬಿ ಎತ್ತಿಡಿ.

ಮಳೆಗಾಲದಲ್ಲಿ, ಮುಖ್ಯವಾಗಿ ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ತೆರೆದಿಟ್ಟ ಡಬ್ಬಿಯ ಸೀಸಕ್ಕೆ ಬೂದು-ಬಿಳಿ ಪುಡಿ ಹತ್ತುತ್ತದೆ. ಅದು ಬಂದರೆ ಆ ಪೆಲೆಟ್ ಹೊಡೆಯಬೇಡಿ, ಉಜ್ಜಿ ತೊಳೆಯಲೂ ಬೇಡಿ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪಾಕೀಟು ಒಂದನ್ನು ಜೊತೆಗೆ ಹಾಕಿ ಮುಚ್ಚಿಟ್ಟರೆ ಸಾಕು.

.22 ಕಾರ್ಟ್ರಿಜ್, ಅಂದರೆ ಮದ್ದು ತುಂಬಿದ ಗುಂಡಿನ ಬಗ್ಗೆಯೂ ಕೆಲವರು ಕೇಳುತ್ತಾರೆ. 50 ಮೀಟರ್ ಫ್ರೀ ಪಿಸ್ತೂಲ್ ಕೂಡ ಒಂದೊಂದೇ ಗುಂಡು ಹಾಕಿ ಹೊಡೆಯುವಂಥದ್ದೇ. ಜೀತು ರಾಯ್ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ಅದರಲ್ಲಿ. 2016ರ ರಿಯೋ ಆದ ಮೇಲೆ ಒಲಿಂಪಿಕ್ಸ್‌ನಿಂದ ಅದನ್ನು ತೆಗೆದರು, ನನಗೆ ಇವತ್ತಿಗೂ ಬೇಜಾರಿದೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಉಳಿದಿದೆ, ಟೋಕಿಯೊದಲ್ಲಿ ಮನೀಶ್ ನರ್ವಾಲ್ ಚಿನ್ನ, ಸಿಂಗರಾಜ್ ಅಧಾನ ಬೆಳ್ಳಿ ಗೆದ್ದರು. .22 ಗುಂಡು ಆರಿಸುವ ರೀತಿಯೂ ಹೀಗೇ. ಹೈ ವೆಲಾಸಿಟಿ ಅಂತ ಬರೆದದ್ದು ಬೇಡ, ಸ್ಟ್ಯಾಂಡರ್ಡ್ ವೆಲಾಸಿಟಿ ಬೇಕು. ಮಾಮೂಲಿ ಮ್ಯಾಚ್ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ, ವೇಗ ಸೆಕೆಂಡಿಗೆ 330 ಮೀಟರ್ ಆಸುಪಾಸು, ಅದೂ ರೈಫಲ್ ಬ್ಯಾರಲ್‌ನಲ್ಲಿ ಅಳೆದದ್ದು. 20 ಡಿಗ್ರಿಯಲ್ಲಿ ಶಬ್ದದ ವೇಗ 343 ಮೀಟರ್. ಅದನ್ನು ದಾಟಿ ಹೊರಟ ಗುಂಡು ದಾರಿಯಲ್ಲಿ ಮತ್ತೆ ಅದರ ಕೆಳಗೆ ಇಳಿಯುವಾಗ ಅಲುಗುತ್ತದೆ, ಶುರುವಿನಿಂದಲೇ ಕೆಳಗಿದ್ದರೆ ಆ ತಾಪತ್ರಯ ಇಲ್ಲ. ಗಿಡ್ಡ ಬ್ಯಾರಲ್‌ನಲ್ಲಿ ಜಾಸ್ತಿ ಮದ್ದಿನ ಗುಂಡು ಸದ್ದು, ಜರ್ಕ್ ಜಾಸ್ತಿ ಮಾಡುತ್ತದೆ ಅಷ್ಟೇ. ಎಸ್‌ಕೆ ಪಿಸ್ತೂಲ್ ಮ್ಯಾಚ್, ಇಲೀ ಟೆನೆಕ್ಸ್ ಇವೆಲ್ಲ ಈ ಜಾತಿಯವು. ಆದರೆ .22ಕ್ಕೆ ಪಿಸ್ತೂಲಿಗೂ ಗುಂಡಿಗೂ ಲೈಸೆನ್ಸ್ ಬೇಕೇ ಬೇಕು. ಹೊಡೆತದ ಶಕ್ತಿ 20 ಜೂಲ್‌ವರೆಗಿನ .177 (ಅಂದರೆ 4.5 ಮಿಮೀ) ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ, ನಮ್ಮ ಮ್ಯಾಚ್ ಪಿಸ್ತೂಲುಗಳು ಐದಾರು ಜೂಲ್ ಅಷ್ಟೇ. ಲೈಸೆನ್ಸ್ ಬೇಡ ಅಂತ ಮನೆಯ ಟೆರೇಸಿನಲ್ಲಿ ಮಕ್ಕಳ ಕೈಗೆ ಬಿಡಬೇಡಿ, ಐದು ಜೂಲ್ ಒಂದು ಕಣ್ಣು ತೆಗೆಯಲು ಧಾರಾಳ ಸಾಕು.

ಪೆಲೆಟ್ ಅಂದರೆ ಸೀಸ, ಇದನ್ನು ಯಾವ ಡಬ್ಬಿ ತಂದರೂ ಮರೆಯಬಾರದು. ಎರಡು ಕೈಯೂ ಬೇಕು ಅಂತ ಪೆಲೆಟ್ ತುಟಿಯಲ್ಲಿ ಹಿಡಿದುಕೊಳ್ಳುವ ಹುಡುಗರನ್ನು ನೋಡಿದ್ದೇನೆ, ನೋಡಿದ ಕೂಡಲೇ ಬಿಡಿಸಿ. ಅಭ್ಯಾಸ ಮುಗಿದ ತಕ್ಷಣ ಮಕ್ಕಳು ಗಿರಮಿಟ್ಟು, ಮಿರ್ಚಿ ತಿನ್ನಲು ಹೊರಗೆ ಓಡುತ್ತಾರೆ, ಅದೇ ಬೆರಳಿನಲ್ಲಿ. ಸೀಸ ಮೈಗೆ ಹೋಗುವುದು ಹೆಚ್ಚಾಗಿ ಬಾಯಿಂದ, ದೊಡ್ಡವರಿಗಿಂತ ಮಕ್ಕಳಿಗೆ ತೊಂದರೆ ಜಾಸ್ತಿ. ರೇಂಜಿನ ನಲ್ಲಿ ಹತ್ತಿರ ಸೋಪು ಇರದಿದ್ದರೆ ಪೆಲೆಟ್ ಡಬ್ಬಿಯ ಜೊತೆ ಒಂದು ಸೋಪೂ ಬ್ಯಾಗಿಗೆ ಹಾಕಿ ಕಳಿಸಿ.